ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್: ಗೈಡ್ ಜೊತೆ ಒಂದು ದಿನ ನೋಡುವುದು ಹೇಗೆ?

ಊರಿನಿಂದ ಲಂಡನ್ನಿಗೆ ಬರುವವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಬಿಗ್ ಬೆನ್, ಟವರ್ ಬ್ರಿಜ್, ಬಕಿಂಗ್‌ಹ್ಯಾಮ್ ಅರಮನೆ. ಸೇಂಟ್ ಪಾಲ್ಸ್ ಕೂಡ ಪಟ್ಟಿಯಲ್ಲಿ ಇರುತ್ತದೆ. ಆದರೆ ಹೊರಗಡೆ ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಂಡು ಮುಂದೆ ಹೋಗುವವರೇ ಜಾಸ್ತಿ. ಟಿಕೆಟ್ ದುಬಾರಿ, ಅದೊಂದು ಕಾರಣ. "ಚರ್ಚ್ ಅಲ್ವಾ, ಒಳಗೆ ಏನಿರುತ್ತೆ" ಅನ್ನೋದು ಇನ್ನೊಂದು.

ಒಳಗೆ ಶ್ರೀರಂಗಪಟ್ಟಣ ಇದೆ. ಬೆಂಗಳೂರು ಕೋಟೆ ಇದೆ. ಚನ್ನಗಿರಿಯ ಒಬ್ಬ ಬಂಡುಕೋರನ ಕಥೆ ಇದೆ. ವಿಜಯಪುರದವರಿಗಂತೂ ಮನೆಯ ಜಗಳವೇ ಇದೆ, ಗುಮ್ಮಟದ ಜಗಳ. ಆದರೆ ಇದ್ಯಾವುದಕ್ಕೂ ಅಲ್ಲಿ ದೊಡ್ಡ ಬೋರ್ಡು ಹಾಕಿಲ್ಲ. ಯಾರಾದರೂ ನಿಲ್ಲಿಸಿ ತೋರಿಸಬೇಕು.

ನಾನು ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ಒಳಗೇ ಹೋಗಲಾಗಲಿಲ್ಲ. ಎರಡನೇ ಸಲ ಒಬ್ಬನೇ ಸುತ್ತಿ, ಕತ್ತು ನೋಯಿಸಿಕೊಂಡು ಬಂದೆ. ಮೂರನೇ ಸಲ ಗೈಡ್ ಜೊತೆ ಹೋದಾಗ, ಹಿಂದಿನ ಸಲ ಏನನ್ನೂ ನೋಡಿಯೇ ಇರಲಿಲ್ಲ ಅಂತ ಗೊತ್ತಾಯಿತು. ನಾಲ್ಕನೇ ಸಲ ಅಪ್ಪನನ್ನು ಕರೆದುಕೊಂಡು ಹೋದೆ. ಅಪ್ಪ ಬಾಗೇವಾಡಿ ಕಡೆಯ ನಿವೃತ್ತ ಹೈಸ್ಕೂಲ್ ಮಾಸ್ತರ್. ಪ್ರತಿ ವರ್ಷ ಮಕ್ಕಳನ್ನು ಗೋಳಗುಮ್ಮಟಕ್ಕೆ ಪ್ರವಾಸ ಕರೆದೊಯ್ದವರು. ಕೆಳಗಿನದೆಲ್ಲ ಈ ನಾಲ್ಕು ಸಲದ ಅನುಭವ.

1. ಮೊದಲು ದಿನ ಆರಿಸಿ

ಭಾನುವಾರ ಹೋಗಬೇಡಿ. ನಾನು ಮೊದಲ ಸಲ ಮಾಡಿದ ತಪ್ಪೇ ಇದು. ಭಾನುವಾರ ಪ್ರಾರ್ಥನೆಗೆ ಮಾತ್ರ ಬಾಗಿಲು ತೆರೆದಿರುತ್ತದೆ, ಪ್ರವಾಸಿಗರಿಗಲ್ಲ. ಸೋಮವಾರದಿಂದ ಶನಿವಾರದವರೆಗೆ ನೋಡಬಹುದು. ಸಾಮಾನ್ಯವಾಗಿ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತಾರೆ, ಬುಧವಾರ ಹತ್ತಕ್ಕೆ. ಆದರೆ ಇದು ನಡೆಯುತ್ತಿರುವ ಚರ್ಚು. ಯಾವುದಾದರೂ ದೊಡ್ಡ ಸಮಾರಂಭ ಇದ್ದರೆ ಇಡೀ ದಿನ ಮುಚ್ಚಿಬಿಡುತ್ತಾರೆ. ಆದ್ದರಿಂದ ಹೊರಡುವ ಹಿಂದಿನ ದಿನ ಕ್ಯಾಥೆಡ್ರಲ್‌ನ ವೆಬ್‌ಸೈಟಿನ ಕ್ಯಾಲೆಂಡರ್ ಒಮ್ಮೆ ನೋಡಿಕೊಳ್ಳಿ.

ಬೆಳಿಗ್ಗೆಯೇ ಹೋಗಿ. ಹನ್ನೊಂದರ ಮೇಲೆ ಶಾಲಾ ಮಕ್ಕಳು, ಬಸ್ಸಿನಲ್ಲಿ ಬರುವ ಗುಂಪುಗಳು ಎಲ್ಲ ಸೇರಿ ಸಂತೆಯಾಗುತ್ತದೆ.

2. ಟಿಕೆಟ್ ನೇರವಾಗಿ ಕೊಳ್ಳಿ

ಕ್ಯಾಥೆಡ್ರಲ್‌ನ ಸ್ವಂತ ವೆಬ್‌ಸೈಟಿನಲ್ಲೇ ಕೊಳ್ಳಿ. ನಾನು ಒಮ್ಮೆ ಅವಸರದಲ್ಲಿ ಮರುಮಾರಾಟದ ಯಾವುದೋ ಸೈಟಿನಲ್ಲಿ ಕೊಂಡು ಸುಮ್ನೆ ಜಾಸ್ತಿ ಹಣ ಕೊಟ್ಟೆ. ಬಾಗಿಲಲ್ಲಿ ನೋಡಿದರೆ ಅದೇ ಸಾಲು, ಅದೇ ಟಿಕೆಟ್.

ಒಂದು ಮಾತು ಹಲವರಿಗೆ ಗೊತ್ತಿಲ್ಲ. ಗೈಡ್ ಟೂರಿಗೆ ಬೇರೆ ದುಡ್ಡು ಕೊಡಬೇಕಿಲ್ಲ. ಪ್ರವೇಶ ಟಿಕೆಟ್‌ನಲ್ಲೇ ಸೇರಿದೆ. ಗೈಡ್‌ಗಳು ಸ್ವಯಂಸೇವಕರು. ಹೆಚ್ಚಿನವರು ವಯಸ್ಸಾದವರು, ಹಟ ಹಿಡಿದು ಓದಿಕೊಂಡವರು. ಬಾಡಿಗೆ ಗೈಡ್‌ಗಳ ಹಾಗೆ "ಬನ್ನಿ ಬನ್ನಿ, ಮುಂದೆ ಬನ್ನಿ" ಅಂತ ಅಟ್ಟುವುದಿಲ್ಲ. ಟಿಕೆಟ್ ಜೊತೆ ಕೈಗೊಂದು ಆಡಿಯೊ ಯಂತ್ರವೂ ಸಿಗುತ್ತದೆ. ಕನ್ನಡದಲ್ಲಿ ಇಲ್ಲ. ಅದು ತಪ್ಪೇನಲ್ಲ, ಆದರೆ ಯಂತ್ರಕ್ಕೆ ಎದುರು ಪ್ರಶ್ನೆ ಕೇಳಲಾಗುವುದಿಲ್ಲವಲ್ಲ.

3. ಹೋಗುವ ದಾರಿ

ಸೆಂಟ್ರಲ್ ಲೈನಿನಲ್ಲಿ ಸೇಂಟ್ ಪಾಲ್ಸ್ ಅಂತಲೇ ಒಂದು ಸ್ಟೇಷನ್ ಇದೆ. ಎರಡು ನಿಮಿಷದ ನಡಿಗೆ. ಆದರೆ ಮೊದಲ ಸಲ ಹೋಗುವವರಿಗೆ ನಾನು ಆ ದಾರಿ ಹೇಳುವುದಿಲ್ಲ. ಸ್ಟೇಷನ್ನಿಂದ ಮೇಲೆ ಬಂದರೆ ಗುಮ್ಮಟದ ಬುಡಕ್ಕೇ ಬಂದು ನಿಲ್ಲುತ್ತೀರಿ, ಪೂರ್ತಿ ಕಾಣುವುದೇ ಇಲ್ಲ.

ಅದರ ಬದಲು ಬ್ಲಾಕ್‌ಫ್ರಯರ್ಸ್ ಸ್ಟೇಷನ್ನಿನ ದಕ್ಷಿಣ ದಂಡೆಯ ಬಾಗಿಲಿನಿಂದ ಹೊರಬನ್ನಿ. ಥೇಮ್ಸ್ ನದಿಯ ಪಕ್ಕ ಸ್ವಲ್ಪ ನಡೆದರೆ ಮಿಲೆನಿಯಮ್ ಬ್ರಿಜ್ ಸಿಗುತ್ತದೆ. ನಡೆಯುವವರಿಗೆ ಮಾತ್ರ ಇರುವ ಸೇತುವೆ. 2000ದ ಜೂನ್‌ನಲ್ಲಿ ತೆರೆದಾಗ ಜನ ನಡೆದ ಹಾಗೆಲ್ಲ ಅಡ್ಡಡ್ಡ ತೂಗಾಡಿತು ಅಂತ ಎರಡೇ ದಿನದಲ್ಲಿ ಮುಚ್ಚಿ, ರಿಪೇರಿ ಮಾಡಿ 2002ರಲ್ಲಿ ಮತ್ತೆ ತೆರೆದರು. ಈಗ ಹೆದರಿಕೆ ಬೇಡ. ಸೇತುವೆಗೆ ಕಾಲಿಟ್ಟಾಗ ಎದುರಿಗೆ ಗುಮ್ಮಟ ನೆಟ್ಟಗೆ ನಿಂತಿರುತ್ತದೆ. ನಡೆಯುತ್ತ ನಡೆಯುತ್ತ ದೊಡ್ಡದಾಗುತ್ತದೆ.

ದೊಡ್ಡ ಸೂಟ್‌ಕೇಸ್ ತರಬೇಡಿ. ಒಳಗೆ ಬಿಡುವುದಿಲ್ಲ, ಇಟ್ಟುಕೊಳ್ಳುವ ಜಾಗವೂ ಅಲ್ಲಿಲ್ಲ. ಬಾಗಿಲಲ್ಲಿ ಬ್ಯಾಗ್ ತೆರೆದು ನೋಡುತ್ತಾರೆ. ಚಪ್ಪಲಿ ಬಿಡಬೇಕಾಗಿಲ್ಲ. ನಮ್ಮಪ್ಪ ಮಾತ್ರ ಅಭ್ಯಾಸಬಲದಿಂದ ಬಾಗಿಲಲ್ಲಿ ಶೂ ಲೇಸಿಗೆ ಕೈ ಹಾಕಿದ್ದರು. ಗಂಡಸರು ಟೋಪಿ ತೆಗೆದರೆ ಸಾಕು. ಗಾಲಿಕುರ್ಚಿಯಲ್ಲಿ ಬರುವವರಿಗೆ ಉತ್ತರದ ಬದಿಯಲ್ಲಿ ಇಳಿಜಾರು ದಾರಿ ಇದೆ.

4. ಒಳಗೆ ಹೋದ ತಕ್ಷಣ ಗೈಡ್ ಡೆಸ್ಕಿಗೆ

ಮೇಲೆ ಕೆಳಗೆ ನೋಡುತ್ತ ನಿಲ್ಲಬೇಡಿ. ಮೊದಲು ಗೈಡ್‌ಗಳ ಡೆಸ್ಕ್ ಎಲ್ಲಿದೆ ಅಂತ ಕೇಳಿ, ಮುಂದಿನ ಟೂರಿಗೆ ಹೆಸರು ಕೊಡಿ. ದಿನಕ್ಕೆ ಕೆಲವೇ ಟೂರು, ಒಂದೊಂದರಲ್ಲಿ ಇಷ್ಟೇ ಜನ ಅಂತ ಲೆಕ್ಕ. ತಡವಾದರೆ ತಪ್ಪಿಹೋಗುತ್ತದೆ. ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ.

ಟೂರಿಗೆ ಹೋದರೆ ಇನ್ನೊಂದು ಲಾಭ. ಬೇರೆಯವರಿಗೆ ಹಗ್ಗ ಕಟ್ಟಿ ತಡೆದಿರುವ ಕೆಲವು ಜಾಗಕ್ಕೆ ಗೈಡ್ ಒಳಗೆ ಕರೆದೊಯ್ಯುತ್ತಾರೆ. ಅದರಲ್ಲಿ ಒಂದು ತೇಲುವ ಮೆಟ್ಟಿಲು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಟೂರ್ ಶುರುವಾಗುವವರೆಗೆ ಗುಮ್ಮಟದ ಕೆಳಗೆ ಕುರ್ಚಿ ಹಿಡಿದು ಕೂತುಬಿಡಿ. ಪ್ರತಿ ಗಂಟೆಗೊಮ್ಮೆ ಒಬ್ಬ ಪಾದ್ರಿ ಮೈಕಿನಲ್ಲಿ ಎಲ್ಲರೂ ಒಂದು ಕ್ಷಣ ನಿಲ್ಲಿ ಅಂತ ಕೇಳಿ, ಚಿಕ್ಕ ಪ್ರಾರ್ಥನೆ ಹೇಳುತ್ತಾರೆ. ಅಷ್ಟು ದೊಡ್ಡ ಜಾಗದಲ್ಲಿ ನೂರಾರು ಜನರ ಗಿಜಿಗಿಜಿ ಒಮ್ಮೆಲೇ ನಿಂತುಹೋಗುತ್ತದೆ. ಆಮೇಲೆ ಎಲ್ಲೋ ಒಂದು ಮಗು ಕೆಮ್ಮಿದ್ದು ಮಾತ್ರ ಕೇಳಿಸುತ್ತದೆ.

5. ಗೈಡ್ ಮಾತು ಶುರುಮಾಡುವ ಮೊದಲು ಇಷ್ಟು ತಿಳಿದಿರಲಿ

ಇಂಗ್ಲಿಷ್ ಗೈಡ್‌ಗಳು ಅವರ ರಾಜರ ಹೆಸರನ್ನೆಲ್ಲ ನಮಗೆ ಗೊತ್ತು ಅಂದುಕೊಂಡು ಮಾತಾಡುತ್ತಾರೆ. ಸ್ವಲ್ಪ ಹಿನ್ನೆಲೆ ಇದ್ದರೆ ಹಿಂದೆ ಬೀಳುವುದಿಲ್ಲ.

ಕ್ಯಾಥೆಡ್ರಲ್ ಅಂದರೆ ದೊಡ್ಡ ಚರ್ಚು ಅಂತ ಅರ್ಥ ಅಲ್ಲ. ಬಿಷಪ್ಪನ ಪೀಠ ಇರುವ ಚರ್ಚು. ನಮ್ಮಲ್ಲಿ ಮಠಕ್ಕೆ ಪೀಠ ಇದ್ದ ಹಾಗೆ. ಇಲ್ಲಿರುವುದು ಲಂಡನ್ ಬಿಷಪ್ಪನ ಪೀಠ, ಚರ್ಚ್ ಆಫ್ ಇಂಗ್ಲೆಂಡಿಗೆ ಸೇರಿದ್ದು. ಮೈಸೂರಿನ ಸೇಂಟ್ ಫಿಲೋಮಿನಾ ಕೂಡ ಕ್ಯಾಥೆಡ್ರಲ್ಲೇ, ಆದರೆ ಅದು ಕ್ಯಾಥೊಲಿಕ್.

ಈ ಜಾಗದಲ್ಲಿ ಮೊದಲ ಚರ್ಚು ಕಟ್ಟಿದ್ದು ಕ್ರಿ.ಶ. 604ರಲ್ಲಿ. ಆಮೇಲೆ ಸುಟ್ಟಿತು, ಕಟ್ಟಿದರು, ಮತ್ತೆ ಸುಟ್ಟಿತು. 1666ರ ಲಂಡನ್ ಮಹಾ ಬೆಂಕಿಯಲ್ಲಿ ಹಳೆಯ ಕ್ಯಾಥೆಡ್ರಲ್ ಹಾಳಾಯಿತು. ಈಗಿನದನ್ನು ಕಟ್ಟಿದವನು ಕ್ರಿಸ್ಟೋಫರ್ ರೆನ್. 1675ರಲ್ಲಿ ಶುರುವಾದ ಕೆಲಸ ಮುಗಿದದ್ದು 1710ರ ಹೊತ್ತಿಗೆ. ಲಂಡನ್ನಿಗೆ ಬರುವ ಕಲ್ಲಿದ್ದಲಿನ ಮೇಲೆ ತೆರಿಗೆ ಹಾಕಿ ಹಣ ಹೊಂದಿಸಿದರು. ಅದೇ ಕಲ್ಲಿದ್ದಲ ಹೊಗೆ ಮುಂದೆ ಈ ಬಿಳಿ ಕಲ್ಲನ್ನು ಕರ್ರಗೆ ಮಾಡಿತು, ಅದು ಬೇರೆ ಮಾತು. ಶುರುವಿನಲ್ಲಿ ನಲವತ್ತರ ಆಸುಪಾಸಿನಲ್ಲಿದ್ದ ರೆನ್ ಮುಗಿಯುವಾಗ ಎಪ್ಪತ್ತೇಳು ದಾಟಿದ್ದ. ಕೊನೆಯ ಕಲ್ಲನ್ನು ಅವನ ಮಗ ಇಟ್ಟ.

ಇಷ್ಟು ಸಾಕು. ಉಳಿದದ್ದನ್ನು ಗೈಡ್ ಹೇಳುತ್ತಾರೆ.

6. ಟೂರಿನಲ್ಲಿ ಎಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು

ಗೈಡ್‌ಗೆ ಹತ್ತಿರವೇ ನಿಲ್ಲಿ. ಗುಮ್ಮಟದ ಕೆಳಗೆ ದನಿ ಕಲಸಿಹೋಗುತ್ತದೆ. ಹಿಂದೆ ನಿಂತರೆ ಅರ್ಧ ಮಾತು ಕೇಳಿಸುವುದಿಲ್ಲ. ಅರ್ಥವಾಗದಿದ್ದರೆ ಕೇಳಿಬಿಡಿ, ಸಂಕೋಚ ಬೇಡ. ಪ್ರಶ್ನೆ ಕೇಳುವವರನ್ನು ಕಂಡರೆ ಆ ಅಜ್ಜ ಅಜ್ಜಿಯರಿಗೆ ಖುಷಿ.

*ತೇಲುವ ಮೆಟ್ಟಿಲು.* ದುಂಡಗೆ ಸುತ್ತಿಕೊಂಡು ಮೇಲೆ ಹೋಗುವ 88 ಕಲ್ಲಿನ ಮೆಟ್ಟಿಲು. ನಡುವೆ ಕಂಬ ಇಲ್ಲ, ಕೆಳಗೆ ಆಧಾರ ಇಲ್ಲ. ಪ್ರತಿ ಮೆಟ್ಟಿಲಿನ ಒಂದು ತುದಿ ಮಾತ್ರ ಕೆಲವೇ ಇಂಚು ಗೋಡೆಯೊಳಗೆ ಹೋಗಿದೆ, ಉಳಿದ ಭಾರ ಕೆಳಗಿನ ಮೆಟ್ಟಿಲಿನ ಅಂಚಿನ ಮೇಲೆ. ಕೆಳಗಿನದು ಅದರ ಕೆಳಗಿನದರ ಮೇಲೆ. ಬುಡದಲ್ಲಿ ನಿಂತು ಮೇಲೆ ನೋಡಿ. ಶಂಖದ ಒಳಗೆ ನಿಂತ ಹಾಗಿರುತ್ತದೆ. ಮಾಂತ್ರಿಕ ಶಾಲೆಯ ಸಿನಿಮಾ ನೋಡಿದ ಮಕ್ಕಳು ಜೊತೆಗಿದ್ದರೆ ಅವರಿಗೆ ಈ ಮೆಟ್ಟಿಲ ಗುರುತು ತಕ್ಷಣ ಸಿಗುತ್ತದೆ.

*ಗುಮ್ಮಟದ ಕೆಳಗಿನ ಕಥೆ.* ರೆನ್ ಗುಮ್ಮಟದ ನಡು ಎಲ್ಲಿ ಬರಬೇಕು ಅಂತ ಗುರುತು ಹಾಕುವಾಗ, ಒಂದು ಕಲ್ಲು ತಾರಪ್ಪಾ ಅಂತ ಕೂಲಿಯವನಿಗೆ ಹೇಳಿದನಂತೆ. ಅವನು ಸುಟ್ಟ ಚರ್ಚಿನ ಅವಶೇಷದಿಂದ ಕೈಗೆ ಸಿಕ್ಕಿದ ಕಲ್ಲೊಂದು ತಂದ. ಅದು ಯಾರದೋ ಗೋರಿಯ ತುಂಡು. ಅದರ ಮೇಲೆ ಲ್ಯಾಟಿನ್ನಿನಲ್ಲಿ ಒಂದೇ ಪದ: ರೆಸೂರ್ಗಾಂ. ಮತ್ತೆ ಏಳುತ್ತೇನೆ ಅಂತ ಅರ್ಥ. ಕಥೆ ನಿಜವೋ ಕಟ್ಟಿದ್ದೋ, ಆ ಪದವನ್ನಂತೂ ಹೊರಗಡೆ ದಕ್ಷಿಣದ ಬಾಗಿಲ ಮೇಲೆ ಫೀನಿಕ್ಸ್ ಹಕ್ಕಿಯ ಕೆಳಗೆ ಕೆತ್ತಿದ್ದಾರೆ. ಹೋಗುವಾಗ ನೋಡಿ.

*ಮೂರು ಗುಮ್ಮಟ.* ಒಳಗಿನಿಂದ ಕಾಣುವ ಗುಮ್ಮಟವೇ ಹೊರಗಿನಿಂದ ಕಾಣುವ ಗುಮ್ಮಟ ಅಲ್ಲ. ಒಳಗೆ ಬೋಗುಣಿ ಬೋರಲು ಹಾಕಿದ ಹಾಗೆ ಒಂದು. ಅದರ ಮೇಲೆ ಇಟ್ಟಿಗೆಯಲ್ಲಿ ಕಟ್ಟಿದ ಶಂಕು, ಬರೀ ಒಂದೂವರೆ ಅಡಿ ದಪ್ಪ. ಅದರ ಹೊರಗೆ ಮರದ ಚೌಕಟ್ಟಿನ ಮೇಲೆ ಸೀಸದ ತಗಡು ಹೊದಿಸಿದ ಮೂರನೆಯದು. ತುದಿಯಲ್ಲಿರುವ ಕಲ್ಲಿನ ಗೋಪುರದ ತೂಕ ಸುಮಾರು 850 ಟನ್. ಅಷ್ಟನ್ನೂ ಹೊತ್ತಿರುವುದು ಯಾರ ಕಣ್ಣಿಗೂ ಬೀಳದ ಆ ಇಟ್ಟಿಗೆ ಶಂಕು. ಅದು ಬುಡದಲ್ಲಿ ಅಗಲಕ್ಕೆ ಬಿರಿಯಬಾರದು ಅಂತ ಸುತ್ತಲೂ ಕಬ್ಬಿಣದ ಸರಪಳಿ ಬಿಗಿದಿದ್ದಾರೆ, ಪೀಪಾಯಿಗೆ ಪಟ್ಟಿ ಬಿಗಿದ ಹಾಗೆ. ನೀವು ತಲೆ ಎತ್ತಿ ನೋಡುವ ಕಪ್ಪು ಬಿಳುಪಿನ ಚಿತ್ರಗಳು ಒಳಗಿನ ಬೋಗುಣಿಯ ಮೇಲಿರುವುದು. ಸಂತ ಪಾಲನ ಬದುಕಿನ ಎಂಟು ದೃಶ್ಯ, ಬರೆದವನು ಜೇಮ್ಸ್ ಥಾರ್ನ್‌ಹಿಲ್.

ಇಲ್ಲಿ ನಮ್ಮಪ್ಪ ಗೈಡ್‌ನ ಮಾತು ಮುಗಿಯುವವರೆಗೂ ಕಾಯಲಿಲ್ಲ. "ಅಗಲ ಎಷ್ಟೈತಿ ಕೇಳೋ" ಅಂದರು. ಕೇಳಿದೆ. ಒಳಗಿನ ಅಗಲ ಸುಮಾರು 31 ಮೀಟರ್. ಗೋಳಗುಮ್ಮಟದ್ದು ಸುಮಾರು 38. ಅದೂ 1656ರಲ್ಲೇ, ಇಲ್ಲಿ ಅಡಿಪಾಯ ತೋಡುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ, ಕಟ್ಟಿ ಮುಗಿಸಿದ್ದು. ಅಪ್ಪ ಗೈಡ್‌ಗೆ ನೋವಾಗಬಾರದು ಅಂತ ಕನ್ನಡದಲ್ಲೇ ಹೇಳಿದರು: "ಎತ್ತರ ಐತಿ ಬಿಡು, ಅಗಲ ಇಲ್ಲ." ಎತ್ತರ ಇದೆ, ನಿಜ. ಶಿಲುಬೆಯ ತುದಿಯವರೆಗೆ 111 ಮೀಟರ್.

*ನಮ್ಮವರ ಗುರುತುಗಳು.* ಇವನ್ನು ಗೈಡ್ ತಾವಾಗಿ ತೋರಿಸದೆ ಇರಬಹುದು. ನೀವೇ ಕೇಳಿ.

ಒಂದು, ಕಾರ್ನ್‌ವಾಲಿಸ್ ಸ್ಮಾರಕ. ಅಮೆರಿಕದಲ್ಲಿ ಸೋತು ಶರಣಾದ ಮೇಲೆ ನಮ್ಮ ಕಡೆ ಗವರ್ನರ್ ಜನರಲ್ ಆಗಿ ಬಂದವನು. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ. ಮರುವರ್ಷ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನೂ ಇವನೇ. ಕಲ್ಲಿನಲ್ಲಿ ನಿಲುವಂಗಿ ತೊಟ್ಟು ಮೇಲೆ ನಿಂತಿದ್ದಾನೆ. ಕೆಳಗಿನ ಮೂರ್ತಿಗಳಲ್ಲಿ ನಮ್ಮ ದೇಶದ ನದಿಗಳೂ ಇವೆ, ಗಂಗೆ ಒಬ್ಬ ಮನುಷ್ಯನ ರೂಪದಲ್ಲಿ. ಬೆಂಗಳೂರಿನ ಕೋಟೆ ಬಾಗಿಲು ನೋಡಿದವರು ಈ ಮೂರ್ತಿಯ ಮುಂದೆ ಒಂದು ನಿಮಿಷ ನಿಂತೇ ನಿಲ್ಲುತ್ತಾರೆ.

ಎರಡು, ವಿಲಿಯಂ ಜೋನ್ಸ್ ಮೂರ್ತಿ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಇರಬೇಕು ಅಂತ 1786ರಲ್ಲಿ ಹೇಳಿದವನು. ಕಲ್ಲಿನಲ್ಲಿ ಅವನ ಕೈ ಊರಿರುವ ಪುಸ್ತಕ ಅವನೇ ಇಂಗ್ಲಿಷಿಗೆ ತಂದ ಮನುಸ್ಮೃತಿ. ಚರ್ಚಿನ ನಡುವೆ ಮನು! ನಮ್ಮ ಕನ್ನಡ ಆ ಬಳಗದ್ದಲ್ಲ, ಬೇರೆಯೇ ಕುಟುಂಬದ್ದು ಅಂತ ಮದರಾಸಿನ ಎಲ್ಲಿಸ್ ಬರೆದು ತೋರಿಸಲು ಇನ್ನೂ 30 ವರ್ಷ ಬೇಕಾಯಿತು. ಎಲ್ಲಿಸ್‌ನ ಮೂರ್ತಿಯನ್ನು ಇಲ್ಲಿ ಹುಡುಕಬೇಡಿ. ಜೋನ್ಸ್ ಜೊತೆಯವನಾಗಿ ನಿಘಂಟು ಮಾಡಿದ ಸ್ಯಾಮ್ಯುಯೆಲ್ ಜಾನ್ಸನ್ ಇದ್ದಾನೆ. ಇಡೀ ಬದುಕು ಪುಸ್ತಕದ ನಡುವೆ ಕಳೆದವನನ್ನು ಭುಜ ಬಿಟ್ಟ ರೋಮನ್ ಪೈಲ್ವಾನನ ಹಾಗೆ ಯಾಕೆ ಕೆತ್ತಿದರೋ.

*ಹೆಣದ ಬಟ್ಟೆ ತೊಟ್ಟ ಕವಿ.* ಗಾಯಕರ ಪೀಠಗಳ ಪಕ್ಕದ ಓಣಿಯಲ್ಲಿ ಕವಿ ಜಾನ್ ಡನ್‌ನ ಬಿಳಿ ಮೂರ್ತಿ ಇದೆ. ಅವನು ಇಲ್ಲಿನ ಡೀನ್, ಅಂದರೆ ಮುಖ್ಯ ಪಾದ್ರಿ ಆಗಿದ್ದ. ಸಾಯುವ ಮೊದಲು ಹೆಣಕ್ಕೆ ಸುತ್ತುವ ಬಟ್ಟೆಯನ್ನೇ ಸುತ್ತಿಕೊಂಡು ತನ್ನ ಚಿತ್ರ ಬರೆಸಿಕೊಂಡ ಅಂತ ಹೇಳುತ್ತಾರೆ. ಬಟ್ಟೆ ತಲೆಯ ಮೇಲೆ ಗಂಟು ಕಟ್ಟಿದೆ, ಕಣ್ಣು ಮುಚ್ಚಿದೆ. ಬಗ್ಗಿ ಕಾಲ ಕೆಳಗಿನ ಕಲಶ ನೋಡಿ. ಕಂದು ಕಲೆಗಳು ಕಾಣುತ್ತವೆ. ಅದು 1666ರ ಬೆಂಕಿಯ ಸುಟ್ಟ ಗುರುತು. ಹಳೆಯ ಕ್ಯಾಥೆಡ್ರಲ್‌ನಿಂದ ಹೆಚ್ಚುಕಡಿಮೆ ಇಡಿಯಾಗಿ ಉಳಿದು ಬಂದ ಮೂರ್ತಿ ಇದೊಂದೇ. ನನ್ನ ಕೇಳಿದರೆ ಇಡೀ ಕಟ್ಟಡದಲ್ಲಿ ಕೈಗೆಟುಕುವಷ್ಟು ಹತ್ತಿರದಲ್ಲಿ ನೋಡಲು ಸಿಗುವ ಇತಿಹಾಸ ಅಂದರೆ ಈ ಕಲೆ. ಮುಟ್ಟಬೇಡಿ ಮತ್ತೆ!

*ಯುದ್ಧದ ಬಾಂಬು.* ಮುಖ್ಯ ಬಲಿಪೀಠದ ಹತ್ತಿರ ಹೋದಾಗ ಗೈಡ್ ಎರಡನೇ ಮಹಾಯುದ್ಧದ ಕಥೆ ಶುರುಮಾಡುತ್ತಾರೆ. 1940ರ ಸೆಪ್ಟೆಂಬರ್‌ನಲ್ಲಿ ಒಂದು ದೊಡ್ಡ ಬಾಂಬು ಸಿಡಿಯದೆ ಪಕ್ಕದ ನೆಲದೊಳಗೆ ಹೂತುಹೋಯಿತು. ಅದನ್ನು ಅಗೆದು ತೆಗೆದು ಲಾರಿಯಲ್ಲಿ ಊರ ಹೊರಗೆ ಸಾಗಿಸಿದರು. ಅಕ್ಟೋಬರ್‌ನಲ್ಲಿ ಬಿದ್ದದ್ದು ಮಾತ್ರ ಚಾವಣಿ ತೂತು ಮಾಡಿ ಬಲಿಪೀಠವನ್ನು ಹಾಳುಮಾಡಿತು. ಡಿಸೆಂಬರ್ 29ರ ರಾತ್ರಿ ಸುತ್ತಮುತ್ತ ಎಲ್ಲ ಹೊತ್ತಿ ಉರಿಯುವಾಗ, ಮರಳಿನ ಚೀಲ, ನೀರಿನ ಪಂಪು ಹಿಡಿದು ಚಾವಣಿ ಮೇಲೆ ಕಾವಲು ಕಾದವರು ಸಾಮಾನ್ಯ ಸ್ವಯಂಸೇವಕರು. ಗುಮ್ಮಟದ ಒಳಗಿನ ಮರದ ಚೌಕಟ್ಟು ನೆನಪಿದೆಯಲ್ಲ? ಒಂದು ಬೆಂಕಿ ಬಾಂಬು ಅಲ್ಲಿ ಹೊತ್ತಿಕೊಂಡಿದ್ದರೆ ಕಥೆ ಮುಗಿಯುತ್ತಿತ್ತು. ಈಗಿನ ಬಲಿಪೀಠ 1958ರದ್ದು, ಎರಡು ಮಹಾಯುದ್ಧಗಳಲ್ಲಿ ಸತ್ತ ಕಾಮನ್‌ವೆಲ್ತ್ ಸೈನಿಕರ ನೆನಪಿಗೆ. ಅದರಲ್ಲಿ ನಮ್ಮವರೂ ಸೇರಿದರು.

ಅದರ ಹಿಂದಿನ ಅಮೆರಿಕನ್ ಚಾಪೆಲ್, ಚಾವಣಿಯ ಮಿರುಗುವ ಮೊಸಾಯಿಕ್, ಗ್ರಿನ್‌ಲಿಂಗ್ ಗಿಬ್ಬನ್ಸ್‌ನ ಮರದ ಕೆತ್ತನೆ, ಇವೆಲ್ಲ ಚೆನ್ನಾಗಿವೆ. ಹೊತ್ತು ಇದ್ದರೆ ನೋಡಿ.

7. ನೆಲಮಾಳಿಗೆ: ಇಲ್ಲಿ ಅವಸರ ಬೇಡ

ಟೂರ್ ಮುಗಿದ ಮೇಲೆ ನೀವಾಗಿಯೇ ಇನ್ನೊಮ್ಮೆ ನೆಲಮಾಳಿಗೆಗೆ ಇಳಿಯಿರಿ. ಲಿಫ್ಟ್ ಇದೆ. ಶೌಚಾಲಯ, ಕಾಫಿ ಅಂಗಡಿ ಎಲ್ಲ ಕೆಳಗೇ ಇರುವುದರಿಂದ ಹೇಗಿದ್ದರೂ ಇಳಿಯಲೇಬೇಕು. ಗೋರಿಗಳ ಪಕ್ಕ ಕೂತು ಕಾಫಿ ಕುಡಿಯುವುದು ನಮ್ಮವರಿಗೆ ಮೊದಲು ಒಂಥರಾ ಅನ್ನಿಸುತ್ತದೆ. ಆಮೇಲೆ ಅಭ್ಯಾಸ ಆಗುತ್ತದೆ.

ಗುಮ್ಮಟದ ನಟ್ಟನಡುವೆ ಕೆಳಗೆ ಬ್ರಿಟಿಷ್ ನೌಕಾಪಡೆಯ ನಾಯಕ ನೆಲ್ಸನ್ ಮಲಗಿದ್ದಾನೆ, 1805ರಲ್ಲಿ ಟ್ರಫಾಲ್ಗರ್ ಕಡಲ ಯುದ್ಧದಲ್ಲಿ ಸತ್ತವನು. ಹೆಣ ಕೆಡದಂತೆ ಬ್ರಾಂದಿಯ ಪೀಪಾಯಿಯಲ್ಲಿಟ್ಟು ತಂದರು. ಒಳಗಿನ ಪೆಟ್ಟಿಗೆ ಅವನೇ ಸೋಲಿಸಿದ ಫ್ರೆಂಚ್ ಹಡಗಿನ ಕೂವೆಮರದ್ದು. ಮೇಲಿನ ಕಪ್ಪು ಕಲ್ಲಿನ ಪೆಟ್ಟಿಗೆ ಮಾತ್ರ ಅವನಿಗಾಗಿ ಮಾಡಿದ್ದಲ್ಲ. ಕಾರ್ಡಿನಲ್ ವುಲ್ಸಿ ಅನ್ನುವವನು ತನಗೆ ಅಂತ ಮಾಡಿಸಿಕೊಂಡಿದ್ದ. ರಾಜನ ಸಿಟ್ಟಿಗೆ ಗುರಿಯಾಗಿ ಅದರೊಳಗೆ ಮಲಗುವ ಭಾಗ್ಯ ಅವನಿಗೆ ಸಿಗಲಿಲ್ಲ. ಸುಮಾರು ಮುನ್ನೂರು ವರ್ಷ ಖಾಲಿ ಬಿದ್ದಿತ್ತು.

ಅಲ್ಲಿಂದ ನಾಲ್ಕು ಹೆಜ್ಜೆಗೆ ವೆಲಿಂಗ್ಟನ್. ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಅವನು ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆ ತೋಪಿನಲ್ಲಿ ಕತ್ತಲಲ್ಲಿ ದಾರಿ ತಪ್ಪಿ, ಟಿಪ್ಪುವಿನ ಕಡೆಯವರ ಕೈಯಲ್ಲಿ ಪೆಟ್ಟು ತಿಂದು ಹಿಂದೆ ಸರಿದವನು. ಮರುದಿನ ಬೆಳಕಿನಲ್ಲಿ ತೋಪು ಹಿಡಿದ. ಮೇ 4ರಂದು ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಆಡಳಿತ ಇವನ ಕೈಗೆ ಬಂತು. ದರಿಯಾ ದೌಲತ್‌ನಲ್ಲಿ ವಾಸ ಮಾಡಿದ.

ಆಮೇಲಿನದು ಇಲ್ಲಿ ಯಾವ ಗೈಡೂ ಹೇಳದ ಕಥೆ. ಚನ್ನಗಿರಿಯ ಧೋಂಡಿಯ ವಾಘ್ ಶ್ರೀರಂಗಪಟ್ಟಣದ ಸೆರೆಮನೆಯಿಂದ ಪಾರಾಗಿ, ದಂಡು ಕಟ್ಟಿಕೊಂಡು ಬಯಲುಸೀಮೆಯಲ್ಲೆಲ್ಲ ಓಡಾಡಿದ. ವೆಲ್ಲೆಸ್ಲಿ ತಿಂಗಳುಗಟ್ಟಲೆ ಅವನ ಬೆನ್ನು ಹತ್ತಿದ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ ಹತ್ತಿರ ಧೋಂಡಿಯ ಸತ್ತ. ಅವನ ಪುಟ್ಟ ಮಗ ಸಲಾಬತ್ ಖಾನ್ ಸಾಮಾನಿನ ಗಾಡಿಗಳ ನಡುವೆ ಸಿಕ್ಕ. ಅವನನ್ನು ಸಾಕುವ ಖರ್ಚನ್ನು ವೆಲ್ಲೆಸ್ಲಿಯೇ ನೋಡಿಕೊಂಡ. ಆ ದೊಡ್ಡ ಕಲ್ಲಿನ ಗೋರಿಯ ಮುಂದೆ ನಿಂತು ಅಪ್ಪನಿಗೆ ಇದನ್ನು ಹೇಳುತ್ತಿದ್ದೆ. ನಮ್ಮ ಪಕ್ಕದಲ್ಲಿದ್ದ ಗೈಡ್ ಅಜ್ಜಿ "ಏನದು, ನನಗೂ ಹೇಳಿ" ಅಂದರು. ಹೇಳಿದೆ. ಚೀಟಿಯಲ್ಲಿ ಬರೆದುಕೊಂಡರು. ಸ್ಪೆಲ್ಲಿಂಗ್ ಎರಡು ಸಲ ಕೇಳಿದರು.

ಇದನ್ನೆಲ್ಲ ಕಟ್ಟಿದ ರೆನ್‌ನ ಗೋರಿ ಮೂಲೆಯಲ್ಲಿದೆ, ದಕ್ಷಿಣದ ಬದಿಯಲ್ಲಿ. ಬರೀ ಕಪ್ಪು ಚಪ್ಪಡಿ. ಮೇಲಿನ ಗೋಡೆಯಲ್ಲಿ ಲ್ಯಾಟಿನ್ ಸಾಲು: ಓದುಗನೇ, ಇವನ ಸ್ಮಾರಕ ಹುಡುಕುತ್ತಿದ್ದರೆ ಸುತ್ತ ನೋಡು. ಆ ಮೂಲೆಯಲ್ಲಿ ಸುತ್ತ ನೋಡಿದರೆ ಕಾಣುವುದು ತಗ್ಗಿನ ಚಾವಣಿ ಮತ್ತು ಗೋಡೆ. ಅದೇ ಸಾಲನ್ನು ಮೇಲೆ ಗುಮ್ಮಟದ ಕೆಳಗಿನ ನೆಲದಲ್ಲೂ ದುಂಡಗೆ ಬರೆದಿದ್ದಾರೆ. ಅಲ್ಲಿ ನಿಂತು ಓದಿ.

8. ಮೆಟ್ಟಿಲು ಹತ್ತುವುದು

ಒಟ್ಟು 528 ಮೆಟ್ಟಿಲು. ಲಿಫ್ಟ್ ಇಲ್ಲ. ಮೂರು ಹಂತ.

ಮೊದಲ 257 ಮೆಟ್ಟಿಲು ಅಗಲ, ಒಂದೊಂದೂ ಗೇಣಿಗಿಂತ ಕಡಿಮೆ ಎತ್ತರ. ನಿಧಾನಕ್ಕೆ ಹತ್ತಿದರೆ ಅರವತ್ತು ದಾಟಿದವರೂ ಹತ್ತಬಹುದು. ಅಲ್ಲಿ ಸಿಗುವುದು ಪಿಸುಗುಟ್ಟುವ ಗ್ಯಾಲರಿ. ಮುಂದಿನ 119 ಮೆಟ್ಟಿಲು ಇಕ್ಕಟ್ಟು, ಕೊನೆಗೆ ಹೊರಗಿನ ಕಲ್ಲಿನ ಗ್ಯಾಲರಿ. ಕೊನೆಯ 152 ಕಬ್ಬಿಣದ ಸುರುಳಿ ಮೆಟ್ಟಿಲು, ಕಾಲ ಕೆಳಗೆ ಸಂದಿಯಲ್ಲಿ ಆಳ ಕಾಣುತ್ತದೆ. ಎತ್ತರಕ್ಕೆ ತಲೆ ಸುತ್ತುವವರು ಕಲ್ಲಿನ ಗ್ಯಾಲರಿಯಲ್ಲೇ ನಿಂತುಬಿಡಿ. ಅಲ್ಲಿಂದಲೂ ಊರೆಲ್ಲ ಕಾಣುತ್ತದೆ. ಹೃದಯ, ಉಸಿರಿನ ತೊಂದರೆ ಇದ್ದವರು ಹತ್ತಲೇಬೇಡಿ. ಕಬ್ಬಿಣದ ಮೆಟ್ಟಿಲು ಹತ್ತುವಾಗ ಪಕ್ಕದಲ್ಲಿ ಕಾಣುವ ಇಟ್ಟಿಗೆ ಗೋಡೆಯೇ ಆ ಹೊರೆ ಹೊತ್ತ ಶಂಕು. ಜನ ಮೊಬೈಲ್ ನೋಡುತ್ತ ಅದನ್ನು ದಾಟಿ ಹೋಗುತ್ತಾರೆ.

ಪಿಸುಗುಟ್ಟುವ ಗ್ಯಾಲರಿ ಕೆಲವೊಮ್ಮೆ ಮುಚ್ಚಿರುತ್ತದೆ. ಅದಕ್ಕೇ ಹೋಗುವವರು ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿ. ತೆರೆದಿದ್ದರೆ ಹೀಗೆ ಮಾಡಿ. ಇಬ್ಬರೂ ಎದುರುಬದುರು ಹೋಗಿ. ಗೋಡೆಗೆ ಕೆನ್ನೆ ಹತ್ತಿರ ತನ್ನಿ. ಎದುರಿನವರ ಕಡೆ ಮಾತಾಡಬೇಡಿ, ಗೋಡೆಯ ಉದ್ದಕ್ಕೆ ಮಾತಾಡಿ. ಕೂಗಬೇಡಿ. ಕೂಗಿದರೆ ಕಲಸಿಹೋಗುತ್ತದೆ, ಪಿಸುಮಾತು ಮಾತ್ರ ತಲುಪುತ್ತದೆ. ದನಿ ಗಾಳಿಯಲ್ಲಿ ಅಡ್ಡ ಹಾರಿ ಹೋಗುವುದಿಲ್ಲ, ಬಾಗಿದ ಗೋಡೆಗೆ ಅಂಟಿಕೊಂಡು ಸಾಗುತ್ತದೆ ಅಂತ ವಿವರಿಸಿದ್ದು ಇಂಗ್ಲಿಷ್ ವಿಜ್ಞಾನಿ ಲಾರ್ಡ್ ರೇಲೀ. ಅದರ ಮೇಲೆ 1921ರಲ್ಲಿ ಇಲ್ಲೇ ಪ್ರಯೋಗ ಮಾಡಿದವರು ನಮ್ಮ ಸಿ. ವಿ. ರಾಮನ್, ಅವರ ಮೊದಲ ವಿದೇಶ ಪ್ರವಾಸದಲ್ಲಿ. ಊರಿಗೆ ಮರಳಿ ಗೋಳಗುಮ್ಮಟವನ್ನೂ ಅದೇ ಕಣ್ಣಿಂದ ನೋಡಿ ಬರೆದರು. ಬೆಂಗಳೂರಿಗೆ ಬಂದು ನೆಲೆಸಿದ್ದು ಆಮೇಲೆ, 1933ರಲ್ಲಿ.

ಅಪ್ಪ 257 ಮೆಟ್ಟಿಲನ್ನೂ ಬಾಯಲ್ಲಿ ಎಣಿಸುತ್ತ ಹತ್ತಿದರು. ಎರಡು ಸಲ ಕೂತರು. ಮೇಲೆ ಹೋಗಿ, ಎದುರು ಬದಿಯಿಂದ ಗೋಡೆಗೆ ಬಾಯಿ ಇಟ್ಟರು. ನನಗೆ ಸ್ವಲ್ಪ ಹೊತ್ತು ಬರೀ ಸುಯ್ ಅನ್ನುವ ಸದ್ದು. ಆಮೇಲೆ ಕಿವಿಯ ಪಕ್ಕದಲ್ಲೇ ಯಾರೋ ನಿಂತು ಹೇಳಿದ ಹಾಗೆ: "ನೀರಿನ ಬಾಟ್ಲಿ ನಿನ್ ಬ್ಯಾಗಿನಾಗೈತೇನು?"

9. ಸಂಜೆ ಐದಕ್ಕೆ ಇನ್ನೂ ಇದ್ದರೆ

ವಾರದ ದಿನಗಳಲ್ಲಿ ಸಾಮಾನ್ಯವಾಗಿ ಐದು ಗಂಟೆಗೆ ಈವನ್‌ಸಾಂಗ್ ಇರುತ್ತದೆ, ಹಾಡಿನ ಪ್ರಾರ್ಥನೆ. ಇದಕ್ಕೆ ಟಿಕೆಟ್ ಇಲ್ಲ. ಯಾವ ಧರ್ಮದವರೂ ಕೂರಬಹುದು. ದುಡ್ಡು ಕೊಟ್ಟು ಒಳಗೆ ಹೋಗಲು ಮನಸ್ಸಿಲ್ಲದವರು ಇದಕ್ಕೆ ಮಾತ್ರ ಬಂದರೂ ನಡೆಯುತ್ತದೆ. ಆದರೆ ಇದು ಸುತ್ತಾಡುವ ಹೊತ್ತಲ್ಲ. ಅರ್ಧ ಗಂಟೆ ಮೊದಲೇ ಬನ್ನಿ, ಮೊಬೈಲ್ ಬ್ಯಾಗಿನೊಳಗೆ ಹಾಕಿ, ಪಕ್ಕದವರು ಎದ್ದಾಗ ಏಳಿ, ಕೂತಾಗ ಕೂರಿ. ಮುಕ್ಕಾಲು ಗಂಟೆ. ಹಾಡು ನಿಂತ ಮೇಲೂ ಕೊನೆಯ ಸ್ವರ ಗುಮ್ಮಟದೊಳಗೆ ಕೆಲವು ಸೆಕೆಂಡು ಸುತ್ತುತ್ತಿರುತ್ತದೆ. ಹಗಲೆಲ್ಲ ನೋಡಿದ ಆ ಖಾಲಿ ಜಾಗವನ್ನು ಯಾಕೆ ಅಷ್ಟು ದೊಡ್ಡದಾಗಿ ಕಟ್ಟಿದರು ಅಂತ ಆಗ ಗೊತ್ತಾಗುತ್ತದೆ.

10. ಮರುದಿನ ಹೊತ್ತು ಇದ್ದರೆ

ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಥೇಮ್ಸ್ ದಂಡೆಯ ಮೇಲೆ ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಅನಾವರಣವಾದದ್ದು. ವಾಕ್ಸಾಲ್ ಸ್ಟೇಷನ್ನಿನಲ್ಲಿ ಇಳಿದು ನದಿಯ ದಂಡೆ ಹಿಡಿದು ನಡೆದರೆ ಸಿಗುತ್ತದೆ. ಟಿಕೆಟ್ ಇಲ್ಲ, ಸಾಲಿಲ್ಲ, ಭಾನುವಾರವೂ ನೋಡಬಹುದು. ಅಪ್ಪನನ್ನು ಕರೆದೊಯ್ದಾಗ ಮಂಡಿ ನೋವು ಅಂತ ನಿಧಾನಕ್ಕೆ ನಡೆಯುತ್ತಿದ್ದರು. ಪ್ರತಿಮೆ ಕಂಡದ್ದೇ ತಡ, ಬಗ್ಗಿ ಶೂ ಲೇಸು ಬಿಚ್ಚಿದರು. ಈ ಸಲ ನಾನು ಬೇಡ ಅನ್ನಲಿಲ್ಲ.